ಎಂಟು ಕುರ್ಚಿ, ಎಲ್ಲವೂ ಇಪ್ಪತ್ತಿಂಚು

“ಇದರ ಮೇಲೆ ಕೂರೋದು ಮೂರು ವರ್ಷದ ಮಕ್ಕಳಾ, ಇಲ್ಲ ಒಂಟೆಮರಿಗಳಾ? ಹೇಳಿ ಮೇಸ್ತ್ರಿ, ಹೇಳಿ!”

“ದನಿ ಎತ್ತಬೇಡಿ ಟೀಚರಮ್ಮ. ನೀವು ಬರೆದದ್ದು ಇಪ್ಪತ್ತು, ನಾನು ಮಾಡಿದ್ದು ಇಪ್ಪತ್ತು.”

“ನಾನು ಬರೆದದ್ದು ಹತ್ತು!”

“ಇಪ್ಪತ್ತು!”

“ಹತ್ತು ಅಂದ್ರೆ ಹತ್ತು! ಹತ್ತಕ್ಕೂ ಇಪ್ಪತ್ತಕ್ಕೂ ವ್ಯತ್ಯಾಸ ನನಗೆ ಗೊತ್ತಿಲ್ವಾ? ದಿನಾ ಬೆಳಗಾದ್ರೆ ಅದನ್ನೇ ಕಲಿಸ್ತೀನಿ ನಾನು!”

ಬಡಗಿಯ ಕೆಲಸದ ಮನೆಯಲ್ಲಿ ಗರಗಸ ನಿಂತಿತ್ತು, ಬಾಯಿಗಳು ನಿಂತಿರಲಿಲ್ಲ. ನಡುವೆ ಎಂಟು ಹೊಸ ಕುರ್ಚಿಗಳು ಸಾಲಾಗಿ ನಿಂತಿದ್ದವು. ಪಾಲಿಷ್ ಇನ್ನೂ ಒದ್ದೆಯಾಗಿತ್ತು. ಕೆಲಸದಲ್ಲಿ ಕುಂದು ಹುಡುಕುವಂತಿರಲಿಲ್ಲ. ಮೂಲೆಗಳನ್ನು ಉಜ್ಜಿ ಉಜ್ಜಿ ಬೆಣ್ಣೆ ಮಾಡಿದ್ದ ಬಡಗಿ. ಕುಂದು ಒಂದೇ. ಶಿಶುವಿಹಾರದ ಮಗುವನ್ನು ಅದರ ಮೇಲೆ ಕೂರಿಸಬೇಕೆಂದರೆ ಎತ್ತಿಕೊಳ್ಳಲು ಒಬ್ಬರು ಬೇಕು, ಇಳಿಸಲು ಇನ್ನೊಬ್ಬರು ಬೇಕು.

ಪಕ್ಕದಲ್ಲಿ ಒಂದು ಟೇಬಲ್ ಇತ್ತು. ಅದೂ ಇಪ್ಪತ್ತಿಂಚು ಎತ್ತರ. ಟೀಚರಮ್ಮ ಕುರ್ಚಿಯನ್ನು ನೋಡಿದರು, ಟೇಬಲನ್ನು ನೋಡಿದರು.

“ಇದರಲ್ಲಿ ಕುರ್ಚಿ ಯಾವುದು, ಟೇಬಲ್ ಯಾವುದು?”

“ಬೆನ್ನಿರೋದು ಕುರ್ಚಿ,” ಎಂದ ಬಡಗಿ.

“ಎರಡೂ ಒಂದೇ ಎತ್ತರ ಇದ್ರೆ ಮಕ್ಕಳು ಬರೆಯೋದು ಎಲ್ಲಿ? ಮಂಡಿ ಮೇಲಾ?”

ಬಡಗಿಗೆ ಇದೇ ಅನುಮಾನ ಒಂದು ವಾರದಿಂದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆದರೆ ಬಂದವರ ಮುಂದೆ ಒಪ್ಪಿಕೊಳ್ಳುವ ಜಾತಿಯ ಮನುಷ್ಯ ಅವನಲ್ಲ. ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. ಅದು ಅವನಿಗೆ ಸಿಟ್ಟು ನೆತ್ತಿಗೇರಿದ ಗುರುತು.

“ನಾನು ಕಣ್ಮುಚ್ಚಿ ಕೊಯ್ಯೋನಲ್ಲ ಟೀಚರಮ್ಮ. ಕುರ್ಚಿ, ಟೇಬಲ್, ಕಪಾಟು ಬೇಕು ಅಂತ ಹೇಳಿಕಳಿಸಿದ್ರಿ, ಲೆಕ್ಕ ಅಳತೆ ಎಲ್ಲ ಕಾಗದದಲ್ಲಿ ಅಂದ್ರಿ. ಆ ಕಾಗದ ನನ್ನ ಹತ್ರ ಇದೆ. ಅಸಲು!”

ಗೋಡೆಯ ಮೊಳೆಗೆ ಚುಚ್ಚಿದ್ದ ಹಾಳೆಯನ್ನು ಕಿತ್ತು ಅವರ ಕೈಗೆ ಕೊಟ್ಟ. ಟೀಚರಮ್ಮ ಕನ್ನಡಕ ಏರಿಸಿ ನೋಡಿದರು. ಹಾಳೆಯ ತುಂಬ ಹೀಗಿತ್ತು:

=E0=B2=95=E0=B3=81=E0=B2=B0=E0=B3=8D...

ಸಾಲು ಸಾಲು ಇದೇ ಕಥೆ. ಅಲ್ಲಲ್ಲಿ ಒಂದು ಸಾಲಿನ ತುದಿಯಲ್ಲಿ ಮಾತ್ರ ಸ್ಪಷ್ಟವಾಗಿ: =20.

“ಇದು ನನ್ನ ಕಾಗದವಾ? ಯಾರಾದ್ರೂ ಮಂತ್ರ ಮಾಡಿಸಿದ ಹಾಗಿದೆ!”

“ನಿಮ್ಮ ಮೇಲಿಂದಾನೇ ಬಂದಿದ್ದು. ಇಲ್ಲಿ ನೋಡಿ, ಇಪ್ಪತ್ತು. ಇಲ್ಲಿ ಇಪ್ಪತ್ತು. ಇಲ್ಲೂ ಇಪ್ಪತ್ತು. ಲೆಕ್ಕದಲ್ಲಿ ಎರಡು ಗೆರೆ ಎಳೆದ ಮೇಲೆ ಬರೋದೇ ಉತ್ತರ ಅಲ್ವಾ? ನೀವೇ ಕಲಿಸೋದಲ್ವಾ?”

ಟೀಚರಮ್ಮ ತಮ್ಮ ಫೋನ್ ತೆಗೆದು ತೋರಿಸಿದರು. ಅದರಲ್ಲಿ ಅಚ್ಚ ಕನ್ನಡದಲ್ಲಿ ಅದೇ ಮೇಲ್ ಇತ್ತು. ಎತ್ತರ ಹತ್ತು ಇಂಚು ಎಂದೇ ಇತ್ತು.

ಬಡಗಿ ಒಮ್ಮೆ ನೋಡಿ ಮುಖ ತಿರುಗಿಸಿದ. “ಈಗ ತಿದ್ದಿರ್ತೀರ.”

ಅಷ್ಟು ಸಾಕಾಯಿತು. ಟೀಚರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ನನ್ನನ್ನ ಸುಳ್ಳಿ ಅಂದ್ರಾ? ಸರಿ. ಸೋಮವಾರ ಮಕ್ಕಳು ಬರ್ತಾರೆ. ಈಗಲೇ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕ್ತೀನಿ. ಹೊರಗಿರೋ ಆ ಬೋರ್ಡನ್ನ ಇಳಿಸಿಬಿಡಿ. ಇಳಿಸೋಕೆ ಏಣಿ ಬೇಕಿಲ್ಲ, ನೀವು ಮಾಡಿರೋ ಕುರ್ಚಿನೇ ಸಾಕು!”

ಆ ಬೋರ್ಡಿನ ಮಾತು ಬಡಗಿಯ ಎದೆಗೆ ಉಳಿ ಇಟ್ಟು ಹೊಡೆದ ಹಾಗಾಯಿತು. ‘ಇಲ್ಲಿ ಅಳತೆ ತಪ್ಪುವುದಿಲ್ಲ’ ಎಂದು ಅವನೇ ಕೈಯಾರೆ ಕೆತ್ತಿದ ಬೋರ್ಡು ಅದು. ಬೀದಿಯಲ್ಲಿ ಅವನ ಮುಂಗೋಪಕ್ಕೆ ಹೆಸರಿಡದವರಿಲ್ಲ, ಅವನ ಅಳತೆಗೆ ಹೆಸರಿಟ್ಟವರಿಲ್ಲ. ಇನ್ನು ಈ ಕುರ್ಚಿಗಳ ಸುದ್ದಿ ಇಪ್ಪತ್ನಾಲ್ಕು ಮಕ್ಕಳ ಅಪ್ಪ ಅಮ್ಮಂದಿರಿಗೆ ಮುಟ್ಟಿತೆಂದರೆ ಆ ಬೋರ್ಡಿಗೆ ಒಲೆಯೇ ಗತಿ.

ಒಳಗಿನಿಂದ ಹೆಂಡತಿ ಬಂದಳು. “ಟೀಚರಮ್ಮ, ಒಂದು ಗಳಿಗೆ ಕೂತ್ಕೊಳ್ಳಿ. ನಮ್ಮಕ್ಕನ್ನ ಕರೆಸಿದೀನಿ, ಬರ್ತಾ ಇದ್ದಾಳೆ. ಕನ್ನಡಕದ ಕಾರ್ಖಾನೇಲಿ ದಿನವಿಡೀ ಮೇಲ್ ನೋಡೋದೇ ಅವಳ ಕೆಲಸ.”

“ಎಲ್ಲಿ ಕೂರಲಿ? ಹತ್ತೋಕಾಗಲ್ಲ,” ಎಂದರು ಟೀಚರಮ್ಮ. ಆದರೂ ಕೂತರು. ದೊಡ್ಡವರಿಗೆ ಆ ಕುರ್ಚಿ ಕೊಂಚ ಇಕ್ಕಟ್ಟೇ ಹೊರತು ಬಹಳ ಹಿತವಾಗಿತ್ತು. ಅದನ್ನು ಅವರು ಹೇಳಲಿಲ್ಲ.

ಮೂಲೆಯಲ್ಲಿ ಇಷ್ಟು ಹೊತ್ತೂ ಒಬ್ಬ ಉಜ್ಜುಕಾಗದ ಹಿಡಿದು ಒಂದೇ ಹಲಗೆಯನ್ನು ಉಜ್ಜುತ್ತ ನಿಂತಿದ್ದ. ಹಲಗೆ ತೆಳ್ಳಗಾಗುತ್ತಿತ್ತು, ಅವನು ತಲೆ ಎತ್ತಿರಲಿಲ್ಲ. ಅವನು ಬಡಗಿಯ ಬಾಮೈದ, ಹೆಂಡತಿಯ ತಮ್ಮ. ಬೀದಿಯವರು ಅವನನ್ನು ಗೊತ್ತಪ್ಪ ಎಂದು ಕರೆಯುತ್ತಿದ್ದರು. ಏನು ಕೇಳಿದರೂ “ಗೊತ್ತು ಗೊತ್ತು” ಎನ್ನುವುದು ಅವನ ಬಾಯಿಪಾಠ. ಬಡಗಿಗೆ ಕಂಪ್ಯೂಟರ್ ಕೊಡಿಸಿದವನು, ಮೇಲ್ ತೆರೆದುಕೊಟ್ಟವನು, ಬಂದ ಮೇಲ್ ಓದಿ ಹೇಳುವವನು ಎಲ್ಲ ಅವನೇ.

ಹೆಂಡತಿಯ ಅಕ್ಕ, ಬಡಗಿಯ ಅತ್ತಿಗೆ, ಬಂದಳು. ಬಾಗಿಲಲ್ಲೇ ನಿಂತು ಎಂಟು ಕುರ್ಚಿ ನೋಡಿದಳು, ಕೂತ ಟೀಚರಮ್ಮನನ್ನು ನೋಡಿದಳು, ಕೊನೆಗೆ ತಮ್ಮನನ್ನು ನೋಡಿದಳು.

“ಇವನ ಕೈ ಇದೆಯಾ ಇದರಲ್ಲಿ?”

“ನಾನೇನ್ ಮಾಡ್ದೆ ಅಕ್ಕ? ಭಾವ ಕೇಳಿದ್ದನ್ನ ಪ್ರಿಂಟ್ ಮಾಡಿ ಕೊಟ್ಟೆ ಅಷ್ಟೆ!”

ಅತ್ತಿಗೆ ಹಾಳೆಯನ್ನು ಕೈಗೆ ತೆಗೆದುಕೊಂಡಳು.  ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಬಡಗಿ ಗಾಬರಿಯಾದ. ಅವಳು ನಗುತ್ತಿದ್ದಳು.

“ಭಾವ, ಈ ಮೇಲನ್ನ ಹೇಗೆ ತೆಗೆಸಿದ್ರಿ? ಇವನಿಗೆ ಏನಂತ ಹೇಳಿದ್ರಿ?”

“ನಕಲು ಬೇಡ, ಅಸಲು ತೆಗೆದು ಕೊಡು ಅಂದೆ. ತಪ್ಪಾ? ಹಿಂದೆ ಯಾರೋ ಕಿಟಕಿ ನಕ್ಷೆನ ನಕಲು ಮಾಡಿಸಿ ತಂದುಕೊಟ್ರು. ನಕಲು ಯಂತ್ರ ಅದನ್ನ ಕುಗ್ಗಿಸಿಬಿಟ್ಟಿತ್ತು. ನಾನು ಅದರ ಮೇಲೆ ಅಳೆದು ಕಿಟಕಿ ಮಾಡಿದೆ. ಬೆಕ್ಕು ಕೂಡ ನುಸುಳೋಕಾಗಲಿಲ್ಲ. ಅವತ್ತಿಂದ ಅಸಲು ಇಲ್ದೆ ನಾನು ಗರಗಸ ಮುಟ್ಟಲ್ಲ.”

“ಮೇಲ್ ಒಳಗೆ ಹುಡುಕಿದೆ,” ಎಂದ ಗೊತ್ತಪ್ಪ ಕೊಂಚ ಹೆಮ್ಮೆಯಿಂದಲೇ. “ಮೂಲೇಲಿ ಮೂರು ಚುಕ್ಕಿ ಇತ್ತು. ಒತ್ತಿದ್ರೆ ಉದ್ದ ಪಟ್ಟಿ. ಅದರಲ್ಲಿ ‘ಅಸಲು ತೋರಿಸು’ ಅಂತ ಇತ್ತು. ಭಾವ ಕೇಳಿದ್ದೂ ಅದೇ ಅಲ್ವಾ? ಒತ್ತಿದೆ.”

“ಒತ್ತೋಕೆ ಮುಂಚೆ ಮೇಲ್ ಹೇಗೆ ಕಾಣ್ತಿತ್ತೋ?”

“ಕನ್ನಡದಲ್ಲಿತ್ತು. ಆದ್ರೆ ಅದು ನಕಲು ಇರಬಹುದು ಅಂತ ಓದಲಿಲ್ಲ.”

  ಬಡಗಿಯ ಕೈ ಮತ್ತೆ ಪೆನ್ಸಿಲ್ ಕಡೆ ಹೋಯಿತು.

“ನಿಲ್ಲಿ ಭಾವ, ಇವನನ್ನ ಆಮೇಲೆ ನೋಡ್ಕೊಳ್ಳೋಣ. ಒಂದು ಮಾತು ಕೇಳ್ತೀನಿ. ಹೋದ ತಿಂಗಳು ಹಲ್ಲಿನ ಡಾಕ್ಟರ್ ಮನೆ ಮಹಡಿಗೆ ದೊಡ್ಡ ಬೀರು ಮಾಡಿದ್ರಲ್ಲ. ಆ ಮೆಟ್ಟಿಲಲ್ಲಿ ಒಬ್ಬರು ಅಡ್ಡ ನಡೆದೇ ಹತ್ತಬೇಕು. ಬೀರು ಹೇಗೆ ಸಾಗಿಸಿದ್ರಿ?”

“ಬಿಚ್ಚಿ ಸಾಗಿಸಿದೆ. ಹಲಗೆ ಹಲಗೆ ಬೇರೆ ಮಾಡಿ, ಪ್ರತಿಯೊಂದಕ್ಕೂ ಪೆನ್ಸಿಲಲ್ಲಿ ಗುರುತು ಹಾಕಿದೆ. ಮೇಲೆ ಹೋಗಿ ಗುರುತು ನೋಡಿ ಜೋಡಿಸಿದೆ.”

“ನಡುಮೆಟ್ಟಿಲಲ್ಲಿ ಯಾರಾದ್ರೂ ಆ ಹಲಗೆಗಳನ್ನ ನೋಡಿದ್ರೆ ಬೀರು ಕಾಣ್ತಿತ್ತಾ?”

“ಹಲಗೆ ಕಾಣ್ತಿತ್ತು. ನನ್ನ ಗುರುತು ಕಾಣ್ತಿತ್ತು.”

“ಮೇಲ್ ಕೂಡ ಹಾಗೇನೇ. ಮೇಲ್ ಹೋಗೋ ದಾರಿ ಹಳೇದು, ಇಕ್ಕಟ್ಟು. ಅದನ್ನ ಕಟ್ಟಿದವರು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ನಾಲ್ಕು ಚುಕ್ಕಿ ಗೆರೆ ಹೋದ್ರೆ ಸಾಕು ಅಂದ್ಕೊಂಡಿದ್ರು. ನಮ್ಮ ಕ, ಕು, ರ್ಚಿ ಆ ಮೆಟ್ಟಿಲಲ್ಲಿ ಹಿಡಿಸಲ್ಲ. ಅದಕ್ಕೆ ಕಳಿಸೋ ಕಡೆ ಯಂತ್ರ ಅಕ್ಷರನ ಬಿಚ್ಚಿ, ಗುರುತು ಹಾಕಿ ಸಾಗಿಸುತ್ತೆ. ಬಂದ ಕಡೆ ಯಂತ್ರ ಜೋಡಿಸಿ ತೋರಿಸುತ್ತೆ. ಎಲ್ಲ ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಗಿಹೋಗುತ್ತೆ. ನೀವಿಬ್ರೂ ಏನ್ ಮಾಡಿದ್ರಿ? ಜೋಡಿಸಿಟ್ಟಿದ್ದ ಬೀರುನ ಬಿಟ್ಟು ಮೆಟ್ಟಿಲಿಗೆ ಹೋಗಿ, ಹಲಗೆ ಫೋಟೋ ತೆಗೆದು ಬಂದ್ರಿ!”

ಬಡಗಿ ಹಾಳೆಯನ್ನು ಇಸಿದುಕೊಂಡ. ಈಗ ಅವನ ನೋಟ ಬೇರೆಯಾಗಿತ್ತು. ಮರದ ಎಳೆ ನೋಡುವ ಹಾಗೆ ನೋಡಿದ.

“ಹಾಗಾದ್ರೆ ಇದು ಅಸಲಲ್ಲ?”

“ಅಸಲೇ. ಆದ್ರೆ ಬಿಚ್ಚಿದ ಅಸಲು. ನೋಡಿ, ಇಲ್ಲಿ =E0=B2=95 ಅಂತ ಇದೆಯಲ್ಲ, ಅದು ‘ಕ’. ಒಂದು ‘ಕುರ್ಚಿ’ ಅನ್ನೋ ಪದ ಬಿಚ್ಚಿದ್ರೆ ಐವತ್ತಕ್ಕೂ ಮೇಲೆ ಚೂರು.”

“ತಲೇಲಿ ಏನೋ ಬರೆದಿದೆಯಲ್ಲ ಅಕ್ಕ,” ಎಂದಳು ಹೆಂಡತಿ, ಹಾಳೆಯ ಮೇಲ್ಭಾಗಕ್ಕೆ ಬೆರಳಿಟ್ಟು.

“ಅದೇ ಜೋಡಿಸೋ ಚೀಟಿ. ಇದು ‘ಟೆಕ್ಸ್ಟ್ ಪ್ಲೇನ್’. ಅಂದ್ರೆ ಸಾದಾ ಬರಹ.”

“ಸಾದಾನಾ?” ಬಡಗಿ ಮತ್ತೆ ಕೆರಳಿದ. “ಈ ಮುಳ್ಳುಕಂಟಿ ಸಾದಾನಾ?”

“ಸಾದಾ ಅಂದ್ರೆ ಪಾಲಿಷ್ ಇಲ್ಲ ಅಂತ. ಬಣ್ಣ ಇಲ್ಲ, ದಪ್ಪಕ್ಷರ ಇಲ್ಲ, ಬರೀ ಮಾತು. ಪಾಲಿಷ್ ಇಲ್ಲದ ಬೀರೂ ಇಕ್ಕಟ್ಟು ಮೆಟ್ಟಿಲಿಗೆ ಬಿಚ್ಚಲೇಬೇಕಲ್ಲ? ಸಾದಾ ಬರಹ ಅನ್ನೋದು ಬರಹದ ಗುಣ. ಬಿಚ್ಚಿ ಕಟ್ಟೋದು ಸಾಗಣೆ ರೀತಿ. ಎರಡೂ ಬೇರೆ ಬೇರೆ. ಇನ್ನು ಈ ‘ಯುಟಿಎಫ್-8’ ಇದೆಯಲ್ಲ, ಅದು ಯಾವ ಗುರುತಿಗೆ ಯಾವ ಅಕ್ಷರ ಅನ್ನೋ ಪಟ್ಟಿಯ ಹೆಸರು. ಪ್ರಪಂಚದ ಎಲ್ಲ ಭಾಷೆಗೂ ಒಂದೇ ಪಟ್ಟಿ.”

ಗೊತ್ತಪ್ಪನ ಮುಖ ಕಪ್ಪಿಟ್ಟಿತು.

ಟೀಚರಮ್ಮ ಅದನ್ನು ನೋಡಿಬಿಟ್ಟರು. ವರ್ಷಗಟ್ಟಲೆ ಮಕ್ಕಳ ಮುಖ ನೋಡಿದವರು. “ಏನಪ್ಪ? ನಾನು ಇಪ್ಪತ್ನಾಲ್ಕು ಕುರ್ಚಿ ಕೇಳಿದ್ರೆ ಇಲ್ಲಿ ಎಂಟೇ ಯಾಕಿವೆ ಅಂತ ಆಗಿಂದ ಯೋಚಿಸ್ತಿದ್ದೆ.”

“ಹಾಳೆ ತಲೇಲೇನೇ... ಆ ಯುಟಿಎಫ್ ಪಕ್ಕದಲ್ಲಿ... ಎಂಟು ಅಂತ... ಇತ್ತಲ್ಲ,” ಎಂದ ಅವನು.

ಅತ್ತಿಗೆ ಹಣೆ ಚಚ್ಚಿಕೊಂಡಳು. ಬಡಗಿಗೆ ಮಾತ್ರ ಇನ್ನೂ ಒಂದು ಮುಳ್ಳು ಉಳಿದಿತ್ತು.

“ಅದೆಲ್ಲ ಇರಲಿ ಅತ್ತಿಗೆ. ಈ ಇಪ್ಪತ್ತು? ಎಲ್ಲಿಂದ ಬಂತು ಇಪ್ಪತ್ತು?”

ಅತ್ತಿಗೆ ಟೀಚರಮ್ಮನ ಕಡೆ ತಿರುಗಿದಳು. “ನೀವು ಒಂದೊಂದು ಸಾಲು ಬರೆದ ಮೇಲೆ ಕೊನೇಲಿ ಒಂದು ಸಲ ಖಾಲಿ ಜಾಗ ಒತ್ತಿ, ಆಮೇಲೆ ಕೆಳಗಿನ ಸಾಲಿಗೆ ಹೋಗ್ತೀರಾ?”

“ಹೂಂ, ಅದು ನನ್ನ ಅಭ್ಯಾಸ. ಉಸಿರು ಬಿಟ್ಟ ಹಾಗೆ.”

“ಸಾಲಿನ ತುದಿಯ ಖಾಲಿ ಜಾಗ ದಾರೀಲಿ ಉದುರಿಹೋಗುತ್ತೆ ಅಂತ ಯಂತ್ರ ಅದಕ್ಕೂ ಒಂದು ಗುರುತು ಹೊಡೆಯುತ್ತೆ. ಆ ಗುರುತೇ =20. ಭಾವ, ಅದು ಇಂಚಲ್ಲ, ಅಡಿಯಲ್ಲ. ಅಲ್ಲಿ ಏನೂ ಇಲ್ಲ ಅಂತ ಅದರ ಅರ್ಥ.”

ಬಡಗಿ ಒಂದು ಕುರ್ಚಿಯ ಮೇಲೆ ದೊಪ್ಪನೆ ಕೂತ. “ಏನೂ ಇಲ್ಲದ್ದನ್ನ ಅಳೆದು ನಾನು ಎಂಟು ಕುರ್ಚಿ ಮಾಡಿದೆನಾ?”

“ಒಂದು ಟೇಬಲ್ ಕೂಡ,” ಎಂದಳು ಹೆಂಡತಿ. “ಇಪ್ಪತ್ತೇ ಇಂಚು ಉದ್ದದ ಆ ಗಿಡ್ಡ ಕಪಾಟು ಬೇರೆ.”

“ನಿಜವಾದ ಅಂಕಿನೂ ಇಲ್ಲೇ ಇತ್ತಲ್ಲ,” ಅತ್ತಿಗೆ ಹಾಳೆಯ ನಡುವೆ ತೋರಿಸಿದಳು. ಮುಳ್ಳುಗಳ ನಡುವೆ ಒಂದು ಒಂಟಿ 10, ಆಚೆ ಒಂದು 18, ಕೆಳಗೆ 48. “ಅಂಕಿ ಇಕ್ಕಟ್ಟು ದಾರೀಲಿ ಬಿಚ್ಚದೇನೇ ಹಿಡಿಸುತ್ತೆ. ಹಾಗೇ ಬಂದಿದೆ.”

“ಅದನ್ನ ಕೇಳಿದ್ದೆ ಇವನ್ನ! ‘ಅದು ಕ್ರಮಸಂಖ್ಯೆ ಭಾವ, ಗೊತ್ತು ಗೊತ್ತು’ ಅಂದ!”

“ಮಿಕ್ಕ ಹಾಳೆ ಎಲ್ಲಿ? ಟೀಚರಮ್ಮ ಚಿತ್ರ ಕೂಡ ಕಳಿಸಿದ್ದಾರಲ್ಲ.”

ಬಡಗಿ ಗೋಂದಿನ ಡಬ್ಬದ ಕಡೆ ಕೈ ತೋರಿಸಿದ. ಅದರ ಪಕ್ಕದಲ್ಲಿ ಅಷ್ಟೆತ್ತರ ಕಾಗದದ ರಾಶಿ ಬಿದ್ದಿತ್ತು. ಮೇಲಿನಿಂದ ಕೆಳಗಿನವರೆಗೆ ಒತ್ತೊತ್ತಾಗಿ ಇಂಗ್ಲಿಷ್ ಅಕ್ಷರ, ನಡುವೆ ಒಂದು ಖಾಲಿ ಜಾಗವೂ ಇಲ್ಲ. ಅರ್ಧಕ್ಕೆ ಗೋಂದು ಒರೆಸಿತ್ತು, ಇನ್ನರ್ಧದ ಮೇಲೆ ಬಡಗಿ ಮಧ್ಯಾಹ್ನದ ಊಟದ ತಟ್ಟೆ ಇಡುತ್ತಿದ್ದ.

“ಇದು ನೀವು ಕಳಿಸಿದ ಕುರ್ಚಿ ಚಿತ್ರ ಟೀಚರಮ್ಮ,” ಎಂದಳು ಅತ್ತಿಗೆ. “ಚಿತ್ರನ ಇನ್ನೂ ಬಿಗಿಯಾಗಿ ಕಟ್ತಾರೆ. ಇದರಲ್ಲಿ ಅಂಕಿನೂ ಕಣ್ಣಿಗೆ ಸಿಗಲ್ಲ. ಈ ರೀತಿಗೆ ಬೇಸ್ ಅರವತ್ನಾಲ್ಕು ಅಂತ ಹೆಸರು.”

ಗೊತ್ತಪ್ಪನ ಕಣ್ಣು ಮಿನುಗಿತು. “ಅರವತ್ನಾಲ್ಕಾ? ಹಾಗಾದ್ರೆ ಅಗಲ ಅರವತ್ನಾಲ್ಕು ಇಂಚು—”

“ಬಾಯ್ಮುಚ್ಚು!” ಎಂದರು ನಾಲ್ಕು ಜನ ಒಟ್ಟಿಗೆ. ಆ ಬೆಳಗ್ಗೆ ಅವರೆಲ್ಲ ಒಪ್ಪಿದ ಮೊದಲ ಮಾತು ಅದು.

ಅತ್ತಿಗೆ ಕಂಪ್ಯೂಟರ್ ಮುಂದೆ ಕೂತು ಅದರ ಮೇಲಿನ ಹೊಟ್ಟು ಊದಿದಳು. ಮೇಲ್ ತೆರೆದಳು. ಮೂರು ಚುಕ್ಕಿಗೆ ಹೋಗಲಿಲ್ಲ, ಏನೂ ಒತ್ತಲಿಲ್ಲ. “ಓದಿ ಭಾವ. ಬರೀ ಓದಿ.”

ಬಡಗಿ ಬಾಗಿ ಓದಿದ. ಕುರ್ಚಿ ಇಪ್ಪತ್ನಾಲ್ಕು, ಕೂರುವ ಎತ್ತರ 10 ಇಂಚು. ಟೇಬಲ್ ಆರು, ಎತ್ತರ 18 ಇಂಚು. ಚೀಲ ಇಡುವ ಕಪಾಟು ಒಂದು, ಉದ್ದ 48 ಇಂಚು. ಕೆಳಗೆ ಮಕ್ಕಳು ಹತ್ತಿ ಇಳಿಯುವ ಕುರ್ಚಿಯ ಚಿತ್ರ. ಅದರ ಕೆಳಗೆ ಇನ್ನೆರಡು ಸಾಲು ಇದ್ದವು. ಅದನ್ನು ಅವನು ನಿಧಾನವಾಗಿ ಓದಿದ.

‘ಮೇಸ್ತ್ರಿಗಳೇ, ಕಮಿಟಿಯವರು ಪ್ಲಾಸ್ಟಿಕ್ ತರೋಣ ಎಂದರು. ಅಳತೆ ತಪ್ಪದ ಒಬ್ಬ ಮನುಷ್ಯ ನನಗೆ ಗೊತ್ತು ಎಂದು ಅವರ ಜೊತೆ ಜಗಳವಾಡಿ ನಿಮಗೆ ಕೊಡಿಸಿದ್ದೇನೆ. ನನ್ನ ಮಾತು ಉಳಿಸಿ.’

ಬಡಗಿ ನೆಟ್ಟಗಾದ. ಪೆನ್ಸಿಲ್ ಮುಟ್ಟಲಿಲ್ಲ. ಟೀಚರಮ್ಮ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇರುವ ಹಾಗೆ ಅತ್ತ ನೋಡುತ್ತಿದ್ದರು.

“ನಿಮ್ಮನ್ನ ಸುಳ್ಳಿ ಅಂದೆ,” ಎಂದ ಬಡಗಿ. “ಅದು... ತಪ್ಪು ನನ್ನದು.”

“ಬೋರ್ಡ್ ಇಳಿಸಿ ಅಂದೆ,” ಎಂದರು ಟೀಚರಮ್ಮ. “ಅದು ಸ್ವಲ್ಪ ಜಾಸ್ತಿ ಆಯ್ತು. ಆದ್ರೆ ಸೋಮವಾರ?”

ಬಡಗಿ ಕುರ್ಚಿಯೊಂದನ್ನು ತಲೆಕೆಳಗು ಮಾಡಿ ಕಾಲುಗಳ ಮೇಲೆ ಬೆರಳಾಡಿಸಿದ. “ನಮ್ಮ ಪುಣ್ಯ, ಉದ್ದ ಆಗಿದೆ. ಉದ್ದ ಆದ್ರೆ ಕೊಯ್ಯಬಹುದು. ಗಿಡ್ಡ ಆಗಿದ್ರೆ ಸೌದೆ. ಟೇಬಲ್ ಕಾಲೂ ಎರಡಿಂಚು ತೆಗೆದ್ರೆ ಸರಿ. ಮಿಕ್ಕ ಕುರ್ಚಿ, ಮಿಕ್ಕ ಟೇಬಲ್ ಸೋಮವಾರದೊಳಗೆ ಮಾಡ್ತೀನಿ, ನಿದ್ದೆ ಹೋದ್ರೆ ಹೋಗಲಿ. ಕಪಾಟು ಮಾತ್ರ ಹೊಸದೇ. ಆ ಗಿಡ್ಡದ್ದು ನನ್ನ ಗೋಂದಿನ ಡಬ್ಬಕ್ಕೆ ಇರಲಿ.”

“ಟೀಚರಮ್ಮ, ನಿಮಗೂ ಒಂದು ಮಾತು,” ಎಂದಳು ಅತ್ತಿಗೆ. “ಅಳತೆ ಕಳಿಸಿದ ಮೇಲೆ ಒಂದು ಫೋನ್ ಮಾಡಿ ಓದಿಸಿಕೊಂಡಿದ್ರೆ ಈ ರಾಮಾಯಣ ಇರ್ತಿರಲಿಲ್ಲ.”

“ಮಾಡಬೇಕಿತ್ತು. ಇವರ ಕೋಪಕ್ಕೆ ಹೆದರಿ ಮೇಲ್ ಕಳಿಸಿದ್ದು ನಾನು.”

ಹೆಂಡತಿ ಕಿಸಕ್ಕನೆ ನಕ್ಕಳು. ಬಡಗಿ ಯಾರ ಮುಖವನ್ನೂ ನೋಡದೆ ಏಣಿ ತೆಗೆದುಕೊಂಡು ಹೊರಗೆ ಹೋದ. ಬೋರ್ಡು ಇಳಿಸುತ್ತಾನೇನೋ ಎಂದು ಎಲ್ಲರೂ ಬಾಗಿಲಿಗೆ ಬಂದರು. ಅವನು ‘ಇಲ್ಲಿ ಅಳತೆ ತಪ್ಪುವುದಿಲ್ಲ’ ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಬರೆದ, ಆಮೇಲೆ ಕೆತ್ತಲೆಂದು: ‘ಮೇಲ್ ಕಳಿಸಿದವರು ಫೋನ್ ಕೂಡ ಮಾಡಿರಿ. ನಾನು ಬೈಯುವುದಿಲ್ಲ.’

ಕೊನೆಯ ಮಾತನ್ನು ಬೀದಿಯವರು ಇನ್ನೂ ನಂಬಿಲ್ಲ. ಆದರೆ ಫೋನ್ ಮಾಡುತ್ತಿದ್ದಾರೆ.

ಈಗ ನಿಮಗೆ ಹೇಳುವುದು ಇಷ್ಟು. ನಿಮ್ಮ ಮೇಲ್‌ನಲ್ಲಿ ಅರ್ಥವಾಗದ ಮುಳ್ಳುಕಂಟಿ ಕಂಡರೆ ಹೆದರಬೇಡಿ. ಅದು ಮಾಟವಲ್ಲ, ಬೈಗುಳವಲ್ಲ. ಬಹಳ ಸಲ ಅದು ಬಿಚ್ಚಿದ ಹಲಗೆ ಅಷ್ಟೆ. ಹೆದರದಿದ್ದರೆ ಸಾಲದು, ಅದರಲ್ಲಿ ಕಂಡ ಅಂಕಿ ಹಿಡಿದು ಊಹೆ ಮಾಡಲೂ ಬೇಡಿ. ಅದು ಮದ್ದಿನ ಪ್ರಮಾಣವಿರಬಹುದು, ಮದುವೆಯ ತಾರೀಖಿರಬಹುದು. ಮೇಲನ್ನು ಮುಚ್ಚಿ ಮತ್ತೆ ಸುಮ್ಮನೆ ತೆರೆಯಿರಿ. ‘ಅಸಲು ತೋರಿಸು’ ಎನ್ನುವುದು ರಿಪೇರಿಯವರಿಗೆ ಇಟ್ಟ ಬಾಗಿಲು, ಓದುವವರಿಗಲ್ಲ. ಆಗಲೂ ಸರಿಯಾಗಿ ಕಾಣದಿದ್ದರೆ ಕಳಿಸಿದವರಿಗೇ ಫೋನ್ ಮಾಡಿ, ಮತ್ತೊಮ್ಮೆ ಸಾದಾ ಬರಹದಲ್ಲಿ ಕಳಿಸಿ ಎನ್ನಿ. ಗುರುತು ಪರಿಚಯವಿಲ್ಲದ ವೆಬ್‌ಸೈಟಿಗೆ ಅದನ್ನು ಹಾಕಿ ‘ಬಿಡಿಸಿಕೊಡಿ’ ಎಂದು ಕೇಳಬೇಡಿ. ಅದರಲ್ಲಿ ನಿಮ್ಮ ಮನೆಯ ಮಾತಿರುತ್ತದೆ. ನೀವು ಕಳಿಸುವಾಗ ಮುಖ್ಯವಾದದ್ದನ್ನು ಚಿತ್ರದೊಳಗೆ ಬಚ್ಚಿಡಬೇಡಿ, ಕೆಂಪು ಬಣ್ಣ ಹಚ್ಚಿ ಅದನ್ನೇ ನಂಬಿಕೊಳ್ಳಲೂ ಬೇಡಿ. ಬಣ್ಣ ಎಲ್ಲ ಕಡೆ ಕಾಣುವುದಿಲ್ಲ. ಮಾತಿನಲ್ಲೇ ಬರೆಯಿರಿ: ಹತ್ತು ಇಂಚು, ಇಪ್ಪತ್ನಾಲ್ಕು ಕುರ್ಚಿ. ಕಳಿಸಿ, ಫೋನ್ ಮಾಡಿ, ಓದಿಸಿಕೊಳ್ಳಿ. ಗರಗಸ ಆಮೇಲೆ.

ಇನ್ನು ಗೊತ್ತಪ್ಪನ ವಿಷಯ. ಬಡಗಿ ಏಣಿ ಇಳಿದು ಒಳಗೆ ಬಂದು, “ಎಲ್ಲಿ ಅವನು?” ಎಂದ ದನಿ ಕೇಳಿದ್ದೇ ತಡ, ಅವನು ದೊಡ್ಡ ಫ್ಲಾಸ್ಕ್ ಎತ್ತಿಕೊಂಡ. “ಎಲ್ಲರಿಗೂ ಟೀ ತರ್ತೀನಿ ಭಾವ. ಒಳ್ಳೇ ಅಂಗಡಿ ಎಲ್ಲಿದೆ, ಗೊತ್ತು ಗೊತ್ತು,” ಎಂದು ಹಿಂಬಾಗಿಲಿನಿಂದ ಹೊರಗೆ ಹೋದ. ಎಂಟು ಕುರ್ಚಿಗಳ ಕಾಲು ಕೊಯ್ದಾಯಿತು, ಮಿಕ್ಕ ಹದಿನಾರು ಕುರ್ಚಿಯೂ ಆಯಿತು. ಸೋಮವಾರ ಬಂತು, ಮಕ್ಕಳು ಕೂತರು, ಎಲ್ಲರ ಕಾಲೂ ನೆಲ ಮುಟ್ಟಿದವು. ಟೀ ಇನ್ನೂ ಬಂದಿಲ್ಲ. ಅವನು ನಿಮ್ಮ ಕಡೆ ಬಂದು, ನಿಮ್ಮ ಕಂಪ್ಯೂಟರ್ ಮುಂದೆ ಕೂತು, ಆ ಮೂರು ಚುಕ್ಕಿಯ ಕಡೆ ಬೆರಳು ಚಾಚಿದರೆ ದಯವಿಟ್ಟು ಕೈ ಹಿಡಿಯಿರಿ. ಅವನನ್ನು ಇಟ್ಟುಕೊಂಡರೂ ಚಿಂತೆಯಿಲ್ಲ, ಫ್ಲಾಸ್ಕ್ ಮಾತ್ರ ವಾಪಸ್ ಕಳಿಸಿ.